ಬರೆದಿಟ್ಟ ಸಾಲು ಬೇಕಾದಾಗ ಸಿಗಬೇಕಾದರೆ: ಓದಿನ ಟಿಪ್ಪಣಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನ ಎಸ್.ಎಸ್. ಪುರಂನಲ್ಲಿ ಭಾನುವಾರ ಬೆಳಗ್ಗೆ ನಾವು ಹತ್ತು ಹನ್ನೆರಡು ಜನ ಸೇರಿ, ಓದಿದ್ದನ್ನು ಮಾತಾಡಿಕೊಳ್ಳುತ್ತೇವೆ. ಎಲ್ಲರ ಹತ್ತಿರವೂ ಒಂದು ನೋಟ್‌ಬುಕ್ ಇದೆ. ಆದರೂ ಮಾತಿನ ಮಧ್ಯೆ ಒಂದು ಸಾಲು ಬೇಕಾದಾಗ ವಾರವಾರವೂ ಇದೇ ಉತ್ತರ: "ಬರ್ಕೊಂಡಿದೀನಿ ಅಕ್ಕ, ಎಲ್ಲಿ ಅಂತ ಸಿಗ್ತಿಲ್ಲ." ಮೊದಮೊದಲು ನಗು ಬರುತ್ತಿತ್ತು. ಕೊನೆಗೆ ಒಂದು ದಿನ ಎಲ್ಲರ ನೋಟ್‌ಬುಕ್‌ಗಳನ್ನೂ ಜಮಖಾನದ ಮೇಲೆ ಹರಡಿಕೊಂಡು ನೋಡಿದೆವು. ಎಲ್ಲರದೂ ಅದೇ ತಪ್ಪುಗಳು. ಸೋಮಾರಿಗಳು ಯಾರೂ ಇರಲಿಲ್ಲ. ಎಲ್ಲರೂ ಬೇಕಾದ್ದಕ್ಕಿಂತ ಜಾಸ್ತಿ ಬರೆದಿದ್ದರು, ತಿರುಗಿ ನೋಡಲು ದಾರಿಯನ್ನೇ ಇಟ್ಟುಕೊಂಡಿರಲಿಲ್ಲ.

ಆವತ್ತಿನಿಂದ ನಾವು ಹಿಡಿದಿರುವ ಕ್ರಮ ಇದು. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಅದರಲ್ಲೂ ಎರಡನೇ ಹಂತಕ್ಕೂ ನಾಲ್ಕನೇ ಹಂತಕ್ಕೂ ನಡುವೆ ಇರುವ ಬಿಡುವನ್ನು ತಪ್ಪಿಸಬೇಡಿ.

ಹಂತ 1. ಸಾಮಾನು ಹೊಂದಿಸಿಕೊಳ್ಳಿ

ಬೇಕಾಗುವುದು ಇಷ್ಟೇ: 200 ಪುಟದ, ಗಟ್ಟಿ ರಟ್ಟಿನ ಒಂದು ನೋಟ್‌ಬುಕ್, ಒಂದು ಬಾಲ್ ಪೆನ್, ಒಂದು ಪೆನ್ಸಿಲ್, ಒಂದು ಹಿಡಿ ಕಾಗದದ ಚೀಟಿ. ಚೀಟಿಗೆ ದುಡ್ಡು ಕೊಡಬೇಡಿ. ಹಳೇ ಕ್ಯಾಲೆಂಡರ್ ಹಾಳೆಯನ್ನು ಎರಡು ಬೆರಳಗಲ ಕತ್ತರಿಸಿದರೆ ವರ್ಷಕ್ಕಾಗುತ್ತದೆ. ಜೆಲ್ ಪೆನ್ ಬೇಡ. ಒಂದು ತೊಟ್ಟು ನೀರು ಬಿದ್ದರೆ ಪುಟವೇ ಹೋಗುತ್ತದೆ.

ಬರೆಯಲು ಶುರು ಮಾಡುವ ಮೊದಲೇ ಕೂತು ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ. ಬೇಜಾರಿನ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಮುಂದಿನದೆಲ್ಲ ಈ ಸಂಖ್ಯೆಗಳ ಮೇಲೆಯೇ ನಿಂತಿದೆ. ಮೊದಲ ನಾಲ್ಕು ಪುಟ ಖಾಲಿ ಬಿಡಿ, ಅದು ಸೂಚಿಗೆ, ಅಂದರೆ ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿಗೆ.

ಇಲ್ಲಿ ಆಗುವ ತಪ್ಪು: ಕಾದಂಬರಿಗೊಂದು, ಕವಿತೆಗೊಂದು, ಇತಿಹಾಸಕ್ಕೊಂದು ಎಂದು ಆರು ನೋಟ್‌ಬುಕ್ ತರುವುದು. ಆರರಲ್ಲೂ ಹತ್ತತ್ತು ಪುಟ ತುಂಬಿ ನಿಲ್ಲುತ್ತವೆ. ಒಂದೇ ಸಾಕು. ಎಲ್ಲವೂ ಬಂದ ಕ್ರಮದಲ್ಲೇ ಅದಕ್ಕೆ ಬೀಳಲಿ, ವಿಂಗಡಿಸುವುದು ಸೂಚಿಯ ಕೆಲಸ. ಫೋನೇ ಇಷ್ಟ ಎನ್ನುವವರು ಫೋನ್ ಇಟ್ಟುಕೊಳ್ಳಿ, ಅವರಿಗೆ ಐದನೇ ಹಂತ ಇದೆ. ಅರ್ಧ ಅಲ್ಲಿ ಅರ್ಧ ಇಲ್ಲಿ ಮಾತ್ರ ಬೇಡ.

ಹಂತ 2. ಓದುವಾಗ ಗುರುತು ಮಾತ್ರ

ಓದುತ್ತಾ ಓದುತ್ತಾ ನಕಲು ಮಾಡಬೇಡಿ. ಓದೂ ಕೆಡುತ್ತದೆ, ನೋಟ್‌ಬುಕ್ಕೂ ಕೆಡುತ್ತದೆ. ಮೂವತ್ತನೇ ಪುಟದಲ್ಲಿ ಅದ್ಭುತ ಅನ್ನಿಸಿದ ಮಾತನ್ನು ಲೇಖಕರು ನೂರನೇ ಪುಟದಲ್ಲಿ ಇನ್ನೂ ಚೆನ್ನಾಗಿ ಹೇಳಿರುತ್ತಾರೆ.

ಸ್ವಂತ ಪುಸ್ತಕವಾದರೆ ಸಾಲಿನ ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ತೆಳ್ಳಗೆ ಒಂದು ಗೆರೆ. ಸಾಲಿನ ಕೆಳಗೆ ಅಡ್ಡಗೆರೆ ಬೇಡ. ಬಸ್ಸಿನಲ್ಲಿ ಕೈ ಅಲ್ಲಾಡಿ ಅಕ್ಷರದ ಮೇಲೇ ಹೋಗುತ್ತದೆ. ಲೈಬ್ರರಿ ಪುಸ್ತಕಕ್ಕೆ ಪೆನ್ಸಿಲ್ಲೂ ಬೇಡ, ಚೀಟಿ ಇಡಿ. ಚೀಟಿಯ ಮೇಲೆ ಪುಟ ಸಂಖ್ಯೆ, ಜೊತೆಗೆ "ಮೇ", "ನ" ಅಥವಾ "ಕೆ" ಎಂದು ಬರೆದರೆ ಸಾಲು ಪುಟದ ಮೇಲ್ಭಾಗದಲ್ಲಿದೆಯೋ ನಡುವೆಯೋ ಕೆಳಗೋ ಎಂದು ಗೊತ್ತಾಗುತ್ತದೆ. ಅಂಟುವ ಬಣ್ಣದ ಚೀಟಿಗಳು ನೋಡಲು ಚೆಂದ, ಆದರೆ ಹಳೇ ಪುಸ್ತಕದಲ್ಲಿ ಅಂಟು ಉಳಿಯುತ್ತದೆ. ಕೀಳುವಾಗ ಮೆದು ಕಾಗದ ಅಕ್ಷರದ ಸಮೇತ ಎದ್ದು ಬಂದದ್ದನ್ನು ನೋಡಿದ್ದೇನೆ.

ನಮ್ಮ ಬಳಗದ ಒಬ್ಬ ಹುಡುಗಿ ದಿನಾ ಬೆಂಗಳೂರಿಗೆ ಟ್ರೇನಿನಲ್ಲಿ ಓಡಾಡುತ್ತಾಳೆ. ಕ್ಯಾತ್ಸಂದ್ರ ಬರುವಷ್ಟರಲ್ಲಿ ಪುಸ್ತಕ ತೆಗೆದಿರುತ್ತಾಳೆ. ನಿಂತುಕೊಂಡು ಪ್ರಯಾಣ, ಚೀಟಿ ಇಡಲು ಕೈ ಇಲ್ಲ, ಆದ್ದರಿಂದ ಫೋನಿನಲ್ಲಿ ಫೋಟೋ ಹೊಡೆಯುತ್ತಾಳೆ. ತಪ್ಪೇನಿಲ್ಲ. ಆದರೆ ಅವಳ ಫೋನಿನಲ್ಲಿ ನೂರಾರು ಪುಟಗಳ ಫೋಟೋ ಇತ್ತು, ಯಾವುದು ಯಾವ ಪುಸ್ತಕದ್ದು ಎಂದು ಅವಳಿಗೇ ಗೊತ್ತಿರಲಿಲ್ಲ. ಹಾಗಾಗಿ ಈಗ ಮೂರು ನಿಯಮ. ಪುಸ್ತಕ ಶುರು ಮಾಡಿದ ದಿನ ಮೊದಲ ಫೋಟೋ ಮುಖಪುಟದ್ದು, ಎರಡನೆಯದು ಮುದ್ರಣದ ವಿವರ ಇರುವ ಪುಟದ್ದು. ಸಾಲಿನ ಫೋಟೋ ತೆಗೆಯುವಾಗ ಪುಟ ಸಂಖ್ಯೆ ಚೌಕಟ್ಟಿನೊಳಗೇ ಇರಬೇಕು. ಬೇಕಾದ ಸಾಲಿನ ಪಕ್ಕ ಹೆಬ್ಬೆರಳು ಇಟ್ಟು ಕ್ಲಿಕ್ಕಿಸಿ, ಇಲ್ಲವೆಂದರೆ ಆಮೇಲೆ ಇಡೀ ಪುಟ ಓದಿ "ಇದರಲ್ಲಿ ಏನಿತ್ತಪ್ಪ?" ಎಂದು ಕೂರುತ್ತೀರಿ.

ಕಿಂಡಲ್‌ನಲ್ಲಿ ಓದುವವರಿಗೆ ಒಂದು ಮಾತು. ನೀವು ಹಾಕಿದ ಗುರುತುಗಳೆಲ್ಲ ಯಂತ್ರದೊಳಗೆ "ಮೈ ಕ್ಲಿಪಿಂಗ್ಸ್" ಎಂಬ ಫೈಲ್‌ನಲ್ಲಿ ಸೇರುತ್ತಾ ಹೋಗುತ್ತವೆ. ಒಂದು ಗುರುತನ್ನು ತಿದ್ದಿ ಉದ್ದ ಮಾಡಿದರೆ ಹಳೆಯದು ಅಳಿಯುವುದಿಲ್ಲ, ಎರಡೂ ಉಳಿಯುತ್ತವೆ. ಕೇಬಲ್ ಹಾಕಿ ನೀವೇ ತುಂಬಿಕೊಂಡ ಪುಸ್ತಕದ ಗುರುತುಗಳು, ಅಂಗಡಿಯಲ್ಲಿ ಕೊಂಡ ಪುಸ್ತಕದವುಗಳ ಹಾಗೆ ಅಮೆಜಾನ್ ಖಾತೆಯ ಟಿಪ್ಪಣಿ ಪುಟದಲ್ಲಿ ಕಾಣುವುದಿಲ್ಲ. ಆ ಫೈಲನ್ನು ತಿಂಗಳಿಗೊಮ್ಮೆ ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಿ.

ಹಂತ 3. ಬಿಡುವು ಕೊಡಿ, ಆಮೇಲೆ ಆರಿಸಿ

ಪುಸ್ತಕ ಮುಗಿದ ಮೇಲೆ ಎರಡು ಮೂರು ದಿನ ಸುಮ್ನೆ ಬಿಡಿ. ಒಂದು ವಾರ ಮೀರಬೇಡಿ. ನನ್ನ ತಂಗಿಯನ್ನು ಶಿಡ್ಲಘಟ್ಟಕ್ಕೆ ಕೊಟ್ಟಿದ್ದೇವೆ, ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ. ಮಾರುಕಟ್ಟೆಯಿಂದ ಗೂಡು ತಂದು ಹಾಗೇ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಆಚೆ ಬರುತ್ತದೆ. ಆಮೇಲೆ ಆ ಗೂಡಿನಿಂದ ಉದ್ದ ಎಳೆ ಬರುವುದಿಲ್ಲ. ಚೀಟಿಗಳೂ ಅಷ್ಟೇ. ತಿಂಗಳು ಬಿಟ್ಟು ತೆರೆದರೆ ಯಾಕೆ ಇಟ್ಟಿರಿ ಎಂಬುದೇ ಹಾರಿಹೋಗಿರುತ್ತದೆ.

ಈಗ ಚೀಟಿ ಇಟ್ಟ ಪುಟಗಳನ್ನಷ್ಟೇ ತಿರುವಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಾ? ಅಥವಾ ಇದು ನನ್ನ ಯಾವುದಾದರೂ ಕೆಲಸಕ್ಕೆ ಬರುತ್ತಾ? ಎರಡೂ ಇಲ್ಲವಾದರೆ ಚೀಟಿ ಕಿತ್ತುಬಿಡಿ. ಹತ್ತು ಗುರುತಿನಲ್ಲಿ ಮೂರು ನಾಲ್ಕು ಉಳಿದರೆ ಸರಿಯಾಗಿ ಆರಿಸುತ್ತಿದ್ದೀರಿ ಎಂದರ್ಥ. ಹತ್ತಕ್ಕೆ ಹತ್ತೂ ಉಳಿದರೆ ನೀವು ಆರಿಸುತ್ತಲೇ ಇಲ್ಲ. ಒಂದೂ ಉಳಿಯದ ಪುಸ್ತಕಗಳೂ ಇರುತ್ತವೆ. ಅವುಗಳ ಹೆಸರು, ಓದಿದ ತಾರೀಖು ಬರೆದು ಮುಂದೆ ಹೋಗಿ.

ಹಂತ 4. ಬರೆದುಕೊಳ್ಳುವ ಕ್ರಮ

ಇದೇ ಮುಖ್ಯ ಹಂತ, ಸ್ವಲ್ಪ ನಿಧಾನವಾಗಿ ಹೋಗೋಣ. ಒಂದು ಟಿಪ್ಪಣಿಯಲ್ಲಿ ನಾಲ್ಕು ಭಾಗ ಇರಬೇಕು. ಎಡಗಡೆ ಅಂಚಿನಲ್ಲಿ ವಿಷಯದ ಪದ. ಆಮೇಲೆ ಸಾಲು ಅಥವಾ ಸಾರ. ಅದರ ಕೆಳಗೆ ಎಲ್ಲಿಂದ ಬಂತು. ಕೊನೆಗೆ ಯಾಕೆ ಬರೆದುಕೊಂಡೆ. ನನ್ನ ನೋಟ್‌ಬುಕ್ಕಿನದೇ ಒಂದು:

ವಿಷಯ: ಕೆರೆ; ನೀರಿನ ಪಾಲು
ಸಾರ (ನನ್ನ ಮಾತು): ಕೋಲಾರದ ಕಡೆ ಕೆರೆಗಳು ಸರಪಣಿ ಹಾಗೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ನಡುವಿನ ಕಾಲುವೆ ಮುಚ್ಚಿದರೆ ಮಳೆ ಬಂದರೂ ಕೆಳಗಿನೂರ ಕೆರೆ ತುಂಬುವುದಿಲ್ಲ.
ಎಲ್ಲಿಂದ: ಪುಸ್ತಕ, ಲೇಖಕರು, ಎರಡನೇ ಮುದ್ರಣ, ಪುಟ 84
ಯಾಕೆ: ಮಾಲೂರು ಕಡೆಯ ನಮ್ಮ ಮಾವ "ಈ ಸಲ ಮಳೆ ಆಯ್ತಲ್ಲ, ಕೆರೆಗೆ ಯಾಕೆ ನೀರು ಬರ್ಲಿಲ್ಲ" ಎಂದು ಕೇಳಿದ್ದರು. ಕಾಲುವೆ ನೋಡಿ ಬರಲು ಹೇಳಬೇಕು.

ಈ "ಯಾಕೆ" ಸಾಲನ್ನು ಎಲ್ಲರೂ ಬಿಡುತ್ತಾರೆ. "ನೆನಪಿರುತ್ತೆ ಬಿಡಿ" ಅನ್ನುತ್ತಾರೆ. ಇರುವುದಿಲ್ಲ. ಜಮಖಾನದ ಮೇಲೆ ಹರಡಿದ್ದ ನೋಟ್‌ಬುಕ್‌ಗಳಲ್ಲಿ ಅರ್ಧಕ್ಕರ್ಧ ಸಾಲುಗಳನ್ನು ತೋರಿಸಿ "ಇದು ಯಾಕೆ?" ಎಂದು ಕೇಳಿದಾಗ ಬರೆದವರೇ ತಲೆ ಕೆರೆದುಕೊಂಡರು. ಜಾಗ ಸಾಲದೆ ಬಂದರೆ ಸಾಲನ್ನು ಚಿಕ್ಕದು ಮಾಡಿ, ಯಾಕೆ ಎಂಬುದನ್ನು ಬಿಡಬೇಡಿ. "ಚೆನ್ನಾಗಿದೆ", "ಸತ್ಯ" ಎಂದು ಬರೆಯುವುದೂ ಬೇಡ. ಅದು ಉತ್ತರವಲ್ಲ.

ಲೇಖಕರ ಮಾತಾದರೆ ಉದ್ಧರಣ ಚಿಹ್ನೆ ಹಾಕಿ, ಅಕ್ಷರ ಬಿಡದೆ ಬರೆಯಿರಿ. ನಡುವೆ ಬಿಟ್ಟಿದ್ದರೆ ಮೂರು ಚುಕ್ಕೆ. ನಿಮ್ಮ ಮಾತಿನಲ್ಲಿ ಬರೆದದ್ದಾದರೆ ಪಕ್ಕದಲ್ಲಿ "ನನ್ನ ಮಾತು" ಎಂದು ಹಾಕಿ. ಇವೆರಡೂ ಕಲಸಿಹೋದರೆ ಎರಡು ವರ್ಷದ ಮೇಲೆ ನಿಮ್ಮ ಅರೆಬರೆ ವಾಕ್ಯವನ್ನು ದೊಡ್ಡ ಲೇಖಕರ ಹೆಸರಲ್ಲಿ ಹೇಳುತ್ತೀರಿ. ಅಥವಾ ಅವರ ವಾಕ್ಯವನ್ನು ನಿಮ್ಮದೆಂದು ಅಚ್ಚು ಹಾಕಿಸುತ್ತೀರಿ. ಎರಡನೆಯದು ಇನ್ನೂ ಮುಜುಗರ.

ಪದ್ಯವಾದರೆ ಪುಟಕ್ಕಿಂತ ಪದ್ಯದ ಸಂಖ್ಯೆ ಮುಖ್ಯ. ನಮ್ಮ ಮುಳಬಾಗಿಲಿನ ಡಿವಿಜಿಯವರ ಮಂಕುತಿಮ್ಮನ ಕಗ್ಗವನ್ನೇ ತೆಗೆದುಕೊಳ್ಳಿ. ಅದರಲ್ಲಿ 945 ಪದ್ಯಗಳಿವೆ. ಎಷ್ಟೋ ಮುದ್ರಣಗಳು, ಅರ್ಥ ಸಹಿತ ಬಂದ ಪುಸ್ತಕಗಳೂ ಹಲವು. ಪುಟ ಒಂದೊಂದರಲ್ಲಿ ಒಂದೊಂದು, ಸಂಖ್ಯೆ ಹಿಡಿದರೆ ಯಾವುದರಲ್ಲಾದರೂ ಪದ್ಯ ಸಿಗುತ್ತದೆ. ವಚನಗಳಿಗೆ ಸರ್ಕಾರ 15 ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಂಪುಟ ಇದೆ. ಸಂಪುಟದ ಸಂಖ್ಯೆ, ವಚನದ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ.

ವಾಟ್ಸಾಪ್‌ನಲ್ಲಿ ಬಂದ ಸಾಲನ್ನು ನೇರವಾಗಿ ನೋಟ್‌ಬುಕ್ಕಿಗೆ ಇಳಿಸಬೇಡಿ. ನಾನು ಇಳಿಸಿದ್ದೆ. ಒಂದು ಶಾಲೆಯ ಕಾರ್ಯಕ್ರಮದಲ್ಲಿ ಅದನ್ನು ಬಸವಣ್ಣನವರ ವಚನ ಎಂದು ಗಟ್ಟಿಯಾಗಿ ಓದಿಯೂ ಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಬ್ಬರು "ಅಂಕಿತ ಏನಮ್ಮ ಅದರದ್ದು?" ಎಂದರು. ಅಂಕಿತವೇ ಇರಲಿಲ್ಲ! ಅವತ್ತಿನಿಂದ ಮೊದಲು ಅಂಕಿತ ನೋಡುತ್ತೇನೆ. ಬಸವಣ್ಣನವರದಾದರೆ ಕೂಡಲಸಂಗಮದೇವ, ಅಕ್ಕನದಾದರೆ ಚೆನ್ನಮಲ್ಲಿಕಾರ್ಜುನ, ಅಲ್ಲಮನದಾದರೆ ಗುಹೇಶ್ವರ. ದಾಸರ ಪದಗಳಲ್ಲಿ ಪುರಂದರವಿಠಲ, ಕಾಗಿನೆಲೆಯಾದಿಕೇಶವ. ಆದರೆ ಅಂಕಿತ ಇದ್ದ ಮಾತ್ರಕ್ಕೆ ನಂಬುವ ಹಾಗೂ ಇಲ್ಲ. "ಸರ್ವಜ್ಞ" ಎಂದು ಕೊನೆಗೆ ಅಂಟಿಸಿದ ತಮಾಷೆಯ ತ್ರಿಪದಿಗಳು ಬೇಕಾದಷ್ಟು ಓಡಾಡುತ್ತವೆ. ಅಚ್ಚಾದ ಪುಸ್ತಕದಲ್ಲಿ ಸಿಗುವವರೆಗೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ಪ್ರಶ್ನೆ ಚಿಹ್ನೆ ಹಾಕಿಡಿ.

ಹಂತ 5. ಫೋನಿನಲ್ಲೇ ಇಡುವವರಿಗೆ

ನೋಟ್‌ಬುಕ್ಕಿನವರು ಇದನ್ನು ದಾಟಿ ಹೋಗಬಹುದು.

ಪುಟದ ಫೋಟೋದಿಂದ ಕನ್ನಡ ಅಕ್ಷರ ಎತ್ತಲು ಗೂಗಲ್ ಲೆನ್ಸ್ ಸಾಕು. ಫೋಟೋ ತೆರೆದು, ಬೇಕಾದ ಸಾಲುಗಳನ್ನು ಆರಿಸಿ ಕಾಪಿ ಮಾಡಿ. ಆದರೆ ಕಾಪಿ ಮಾಡಿದ ಕೂಡಲೇ ಮೂಲದ ಜೊತೆ ಇಟ್ಟು ಓದಿ ನೋಡಲೇಬೇಕು. ಒತ್ತಕ್ಷರಗಳು ಉದುರುತ್ತವೆ. ಪ ಇದ್ದದ್ದು ವ, ದ ಇದ್ದದ್ದು ಧ ಆಗುತ್ತದೆ. ಎಲ್ಲಕ್ಕಿಂತ ಕಳ್ಳ ತಪ್ಪು ಸೊನ್ನೆಯದು. ಅಕ್ಷರದ ಮುಂದಿನ ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಬಂದು ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ.

ಟೈಪಿಂಗ್ ಕಷ್ಟ ಎನ್ನುವವರು ಕೀಬೋರ್ಡಿನ ಮೈಕ್ ಒತ್ತಿ, ಸಾಲನ್ನು ಓದಿ ಹೇಳಬಹುದು. ಹಳಗನ್ನಡಕ್ಕೂ ನಮ್ಮ ಕಡೆಯ ಆಡುಮಾತಿಗೂ ಇದನ್ನು ನಂಬಬೇಡಿ, ಅದು ತನಗೆ ತಿಳಿದ ಪದಕ್ಕೆ ತಿರುಗಿಸಿಬಿಡುತ್ತದೆ.

ಹಳೆಯ ಕನ್ನಡ ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ ಸೇರಿದ ಗೊಜ್ಜು ಬಂದರೆ ಗಾಬರಿ ಬೇಡ. ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ, ಈಗಿನ ಫೋನುಗಳು ಬಳಸುವ ಯೂನಿಕೋಡ್‌ನಲ್ಲಿ ಅಲ್ಲ. ಹಾಗೇ ಉಳಿಸಿದರೆ ಎಂದೂ ಹುಡುಕಲು ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ, ಬದಲಿಸಿಯೇ ಇಡಿ. ನಾಲ್ಕೇ ಸಾಲಾದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಲೆನ್ಸ್‌ಗೆ ಕೊಡುವುದು ಸುಲಭ.

ಹುಡುಕುವಾಗ ಪೂರ್ತಿ ಪದ ಹಾಕಬೇಡಿ. "ಊರು" ಎಂದು ಹುಡುಕಿದರೆ "ಊರಿನ", "ಊರಲ್ಲಿ" ಸಿಗುವುದಿಲ್ಲ. "ಊರ" ಎಂದು ಹಾಕಿ, ಎಲ್ಲವೂ ಬರುತ್ತವೆ. "ಮನೆಯಂಗಳ"ದೊಳಗಿನ "ಅಂಗಳ"ವನ್ನು ಯಾವ ಫೋನೂ ಹುಡುಕಿ ಕೊಡುವುದಿಲ್ಲ, ಸಂಧಿಯಲ್ಲಿ ಅ ಹೋಗಿ ಯ ಬಂದಿರುತ್ತದೆ. ಅದಕ್ಕೇ ವಿಷಯದ ಪದಗಳನ್ನು ಬಿಡಿಬಿಡಿಯಾಗಿ ಟಿಪ್ಪಣಿಯ ಮೇಲ್ಗಡೆ ಬರೆಯಬೇಕು ಅನ್ನುವುದು. ಹೆಸರುಗಳ ಕಾಗುಣಿತವೂ ಒಂದೇ ಇರಲಿ. ಒಂದು ಕಡೆ ಸಿದ್ಧ, ಇನ್ನೊಂದು ಕಡೆ ಸಿದ್ದ ಎಂದಿದ್ದರೆ ಅರ್ಧವೇ ಸಿಗುತ್ತದೆ.

ಹಂತ 6. ಸೂಚಿ

ಮೊದಲಿಗೆ ಬಿಟ್ಟ ನಾಲ್ಕು ಪುಟಗಳನ್ನು ಈಗ ಎರಡೆರಡು ಕಂಬ ಮಾಡಿ, ಅಕಾರಾದಿಯಾಗಿ ಅಕ್ಷರಗಳನ್ನು ಹಾಕಿ. 49 ಅಕ್ಷರಕ್ಕೂ ಸಮ ಜಾಗ ಕೊಡಬೇಡಿ. ಙ, ಞ, ಣ, ಳ ಬೇಡವೇ ಬೇಡ. ಖವನ್ನು ಕ ಜೊತೆಗೆ, ಘವನ್ನು ಗ ಜೊತೆಗೆ ಸೇರಿಸಿ. ಉಳಿದ ಜಾಗವನ್ನು ಅ, ಕ, ನ, ಬ, ಮ, ಸ, ಹಗಳಿಗೆ ಧಾರಾಳವಾಗಿ ಬಿಡಿ.

ಟಿಪ್ಪಣಿ ಬರೆದ ಕೂಡಲೇ, ಪೆನ್ ಕೆಳಗಿಡುವ ಮೊದಲು, ವಿಷಯದ ಪದವನ್ನೂ ಪುಟ ಸಂಖ್ಯೆಯನ್ನೂ ಸೂಚಿಗೆ ಹಾಕಿ. "ತಿಂಗಳಿಗೊಮ್ಮೆ ಒಟ್ಟಿಗೆ ಮಾಡ್ತೀನಿ" ಎಂದವರಲ್ಲಿ ಮಾಡಿದವರನ್ನು ನಾನಿನ್ನೂ ನೋಡಿಲ್ಲ.

ಪದ ಆರಿಸುವುದರಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ತೀರಾ ಅಗಲವಾದ ಪದ. "ಜೀವನ" ಎಂದು ಹಾಕಿದರೆ ಎಲ್ಲವೂ ಅಲ್ಲೇ ಬಂದು ಬೀಳುತ್ತದೆ. "ಅಣ್ಣತಮ್ಮಂದಿರ ಪಾಲು", "ಮುದುಕರ ಒಂಟಿತನ", "ಸಾಲ" ಎಂದು ಹಾಕಿ. ಇನ್ನೊಂದು, ಒಂದೇ ವಿಷಯಕ್ಕೆ ನಾಲ್ಕು ಪದ. ಒಂದು ದಿನ ಸಾವು, ಇನ್ನೊಂದು ದಿನ ಮರಣ, ಮತ್ತೊಂದು ದಿನ ಮೃತ್ಯು. ಮನೆಯಲ್ಲಿ ಬಳಸುವ ಪದವನ್ನೇ ಇಟ್ಟುಕೊಳ್ಳಿ. ಮ ಅಕ್ಷರದ ಕೆಳಗೆ "ಮರಣ: ಸಾವು ನೋಡಿ" ಎಂದು ಒಂದು ಸಲ ಬರೆದರೆ ಮುಗಿಯಿತು.

ಹಂತ 7. ಮತ್ತೆ ನೋಡುವುದು

ಇದಕ್ಕೆ ದಿನ ಗೊತ್ತು ಮಾಡದಿದ್ದರೆ ಇಲ್ಲಿಯವರೆಗಿನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. "ಬಿಡುವಾದಾಗ" ಎಂಬ ದಿನ ಕ್ಯಾಲೆಂಡರ್‌ನಲ್ಲಿ ಇಲ್ಲ. ವಾರಕ್ಕೊಂದು ದಿನ, ಹದಿನೈದು ನಿಮಿಷ ಸಾಕು. ನನ್ನದು ಭಾನುವಾರ ಬೆಳಗ್ಗೆ, ಬಳಗಕ್ಕೆ ಹೊರಡುವ ಮುಂಚೆ, ಕಾಫಿ ಜೊತೆ.

ಮೊದಲು ಆ ವಾರ ಬರೆದದ್ದನ್ನು ಒಮ್ಮೆ ಓದಿ. ಆಮೇಲೆ ಹಳೆಯ ಪುಟಗಳು. ಯಾವ ಪುಟ ಎಂದು ಯೋಚಿಸುತ್ತಾ ಕೂತರೆ ಇಷ್ಟವಾದದ್ದನ್ನೇ ಮತ್ತೆ ಮತ್ತೆ ತೆರೆಯುತ್ತೀರಿ. ಅದಕ್ಕೆ ನಾವು ತಾರೀಖಿನ ಲೆಕ್ಕ ಇಟ್ಟುಕೊಂಡಿದ್ದೇವೆ. ಇವತ್ತು 14ನೇ ತಾರೀಖಾದರೆ 14, 44, 74, 104, ಹೀಗೆ ಮೂವತ್ತು ಮೂವತ್ತು ಕೂಡಿಸುತ್ತಾ ಹೋದ ಪುಟಗಳಲ್ಲಿ ಎರಡನ್ನು ತೆರೆಯಿರಿ. ಸುಮ್ನೆ ಕಣ್ಣಾಡಿಸಬೇಡಿ. ಸಾರದ ಮೇಲೆ ಅಂಗೈ ಮುಚ್ಚಿ, ವಿಷಯದ ಪದ ಮಾತ್ರ ನೋಡಿ, ಏನಿತ್ತು ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಕೈ ತೆಗೆದು ನೋಡಿ. ಮನೆಯವರು ನಗುತ್ತಾರೆ, ನಗಲಿ.

ನೋಡಿದ ತಾರೀಖನ್ನು ಪಕ್ಕದಲ್ಲಿ ಪೆನ್ಸಿಲ್‌ನಿಂದ ಹಾಕಿ. ಹೊಸದೇನಾದರೂ ಹೊಳೆದರೆ ಅದೇ ತಾರೀಖಿನ ಮುಂದೆ ಒಂದು ಸಾಲು. ಬೇರೆ ಟಿಪ್ಪಣಿ ನೆನಪಾದರೆ "ಪುಟ 61 ನೋಡಿ". ಯಾರಿಗಾದರೂ ಹೇಳಿದರೆ, ಭಾಷಣದಲ್ಲೋ ಪತ್ರದಲ್ಲೋ ಬಳಸಿದರೆ, ಅದನ್ನೂ ಬರೆಯಿರಿ. ಒಂದೇ ಕಡೆ ಒಂದೇ ಸಾಲನ್ನು ಎರಡು ಸಲ ಹೇಳುವುದು ತಪ್ಪುತ್ತದೆ. ಮೂರು ಸಲ ನೋಡಿದರೂ ಏನೂ ಅನ್ನಿಸದ ಟಿಪ್ಪಣಿಗೆ ಅಡ್ಡಗೆರೆ ಎಳೆದುಬಿಡಿ.

ಹಳಿ ತಪ್ಪುತ್ತಿರುವ ಗುರುತುಗಳು

ಸತತ ಎರಡು ವಾರ ಒಂದು ಪೆನ್ಸಿಲ್ ತಾರೀಖೂ ಬಿದ್ದಿಲ್ಲ ಎಂದರೆ ಹೊಸದನ್ನು ಬರೆಯುವುದು ನಿಲ್ಲಿಸಿ, ಮೊದಲು ಹಳೆಯದನ್ನು ನೋಡಿ. ಒಂದು ಪುಸ್ತಕಕ್ಕೆ ಆರು ಏಳು ಪುಟ ಹಿಡಿಯುತ್ತಿದ್ದರೆ ನೀವು ಪುಸ್ತಕವನ್ನೇ ನಕಲು ಮಾಡುತ್ತಿದ್ದೀರಿ. ಅಕ್ಷರ ದುಂಡಗಾಗಿ, ಬಣ್ಣಬಣ್ಣದ ಪೆನ್ ಬರತೊಡಗಿದರೆ ಹುಷಾರು, ನೋಟ್‌ಬುಕ್ ಯಾರಿಗೋ ತೋರಿಸಲು ತಯಾರಾಗುತ್ತಿದೆ. ಗುರುತು ಹಾಕಲು ಏನು ಸಿಗುತ್ತದೆ ಎಂದು ಹುಡುಕುತ್ತಲೇ ಓದುತ್ತಿದ್ದೀರಾ? ಹಾಗಾದರೆ ಮುಂದಿನ ಒಂದು ಪುಸ್ತಕವನ್ನು ಚೀಟಿ ಇಲ್ಲದೆ ಓದಿ ಮುಗಿಸಿ.

ಹಂತ 8. ಕಾಪಾಡುವುದು, ಮುಂದಿನ ನೋಟ್‌ಬುಕ್

ಗೋಡೆ ಬೀರುವಿನ ಕೆಳಗಿನ ತಟ್ಟೆಯಲ್ಲಿ ಇಡಬೇಡಿ. ತೇವ, ಗೆದ್ದಲು ಎರಡೂ ಅಲ್ಲಿಂದಲೇ ಶುರು. ಬೇವಿನ ಎಲೆ ಇಡುವ ರೂಢಿ ನಮ್ಮ ಕಡೆ ಇದೆ. ಇಡುವುದಾದರೆ ಚೆನ್ನಾಗಿ ಒಣಗಿದ್ದನ್ನು ಇಡಿ, ಹಸಿ ಎಲೆಯಿಂದ ಬೂಷ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ಹೊಸ ಪುಟಗಳ, ಸೂಚಿಯ ಫೋಟೋ ತೆಗೆದು ಫೋನಿನಲ್ಲಿ ಒಂದು ಪ್ರತ್ಯೇಕ ಆಲ್ಬಮ್‌ಗೆ ಹಾಕಿ. ಎರವಲು ಕೇಳಿದವರಿಗೂ ಅದೇ ಫೋಟೋ ಕಳಿಸಿ. ನೋಟ್‌ಬುಕ್ ಮಾತ್ರ ಕೊಡಬೇಡಿ.

ನೋಟ್‌ಬುಕ್ ತುಂಬಿದಾಗ ಹೊಸದಕ್ಕೆ ಎಲ್ಲವನ್ನೂ ಇಳಿಸಲು ಹೋಗಬೇಡಿ. ಮೂರಕ್ಕಿಂತ ಜಾಸ್ತಿ ಪೆನ್ಸಿಲ್ ತಾರೀಖು ಬಿದ್ದ ಟಿಪ್ಪಣಿಗಳನ್ನಷ್ಟೇ ಹೊಸ ಸೂಚಿಯಲ್ಲಿ ನಮೂದಿಸಿ. ಬರೆಯುವ ರೀತಿ "1/84": ಒಂದನೇ ನೋಟ್‌ಬುಕ್, 84ನೇ ಪುಟ. ಹಳೆಯದರ ಬೆನ್ನಿನ ಮೇಲೆ ದಪ್ಪಗೆ 1 ಎಂದು ಬರೆಯಿರಿ. ಹೊಸದರ ಒಳ ರಟ್ಟಿನ ಮೇಲೆ, ಹಳೆಯದು ಮನೆಯಲ್ಲಿ ಎಲ್ಲಿದೆ ಎಂದು ಬರೆದಿಡಿ. ನನ್ನದರಲ್ಲಿ ಹೀಗಿದೆ: "1: ದೇವರ ಕೋಣೆ ಪಕ್ಕದ ಬೀರು, ಮೇಲಿನ ತಟ್ಟೆ, ಎಡಗಡೆ."